ಪತ್ತನಾಜೆಗೆ ಮೊದಲು ತಾರಸಿ, ಹನ್ನೆರಡರ ಮೇಲೆ ನೆರಳು

ಕಟ್ಟಡ ಗುತ್ತಿಗೆದಾರರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆಯ್ದ ಆರು ಪತ್ರಗಳೂ ಕಾಸರಗೋಡು ಜಿಲ್ಲೆಯವು. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಸುಮಾರು ಸಾವಿರ ಚದರಡಿಯ ಎರಡು ಮನೆಗಳ ಕೆಲಸವನ್ನು ಒಟ್ಟಿಗೆ ಹಿಡಿದಿದ್ದೇನೆ. ಮಳೆ ಹಿಡಿಯುವ ಮೊದಲು ಎರಡರ ಸ್ಲ್ಯಾಬೂ ಆಗಬೇಕೆಂದು ಮನೆಯವರ ಒತ್ತಾಯ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಕೇರಳ ಕಾರ್ಮಿಕ ಇಲಾಖೆಯ ಆದೇಶ. ಕಾಂಕ್ರೀಟು ಹಾಕಲು ತೊಡಗಿದ ಮೇಲೆ ನಡುವೆ ನಿಲ್ಲಿಸುವುದು ಹೇಗೆ? — ಬದಿಯಡ್ಕದ ಓದುಗರು

ಉತ್ತರ: ನಿಲ್ಲಿಸುವ ಪ್ರಸಂಗವೇ ಬಾರದಂತೆ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಸಾವಿರ ಚದರಡಿಯ ಸ್ಲ್ಯಾಬನ್ನು ಐದಿಂಚು ದಪ್ಪದಲ್ಲಿ ಹಾಕುವುದಾದರೆ ಸುಮಾರು ಹನ್ನೆರಡು ಘನ ಮೀಟರ್ ಕಾಂಕ್ರೀಟು ಬೇಕಾಗುತ್ತದೆ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ ಘನ ಮೀಟರಿಗೆ ಹೆಚ್ಚುಕಡಿಮೆ ಎಂಟು ಮೂಟೆ ಸಿಮೆಂಟು ಹಿಡಿಯುವುದರಿಂದ, ತೊಲೆಗಳನ್ನು ಬಿಟ್ಟೇ ತೊಂಬತ್ತಕ್ಕಿಂತ ಹೆಚ್ಚು ಮೂಟೆಯಾಯಿತು. ಒಂದು ಮೂಟೆಯ ಮಿಕ್ಸರ್ ಒಂದೇ ಇದ್ದು, ಪ್ರತಿ ಸುತ್ತಿಗೆ ನಾಲ್ಕು ನಿಮಿಷ ಹಿಡಿದರೂ ಆರು ಗಂಟೆಗೂ ಹೆಚ್ಚು ಬೇಕು. ಬೆಳಗ್ಗೆ ಏಳಕ್ಕೆ ತೊಡಗಿದರೂ ನೆತ್ತಿಯ ಬಿಸಿಲಿನಲ್ಲಿ ಜನ ತಾರಸಿಯ ಮೇಲೆಯೇ ಇರುತ್ತಾರೆ. ಅದೇ ಎರಡು ಮಿಕ್ಸರ್ ಇಟ್ಟರೆ ಮೂರು ಗಂಟೆ ಚಿಲ್ಲರೆಯಲ್ಲಿ ಸ್ಲ್ಯಾಬು ಮುಗಿದು, ತೊಲೆಗಳಿಗೂ ಮಟ್ಟ ಮಾಡುವುದಕ್ಕೂ ಹನ್ನೆರಡರ ಒಳಗೆ ಸಮಯ ಸಿಗುತ್ತದೆ. ಇನ್ನೊಂದು ಮಿಕ್ಸರಿನ ಒಂದು ದಿನದ ಬಾಡಿಗೆ, ಬಿಸಿಲಿಗೆ ಬಿದ್ದ ಒಬ್ಬನನ್ನು ಆಸ್ಪತ್ರೆಗೆ ಒಯ್ಯುವ ಖರ್ಚಿಗಿಂತ ಖಂಡಿತ ಕಡಿಮೆ. ಎರಡನೆಯ ಮಿಕ್ಸರ್ ಸಿಗದಿದ್ದರೆ ಎಂಜಿನಿಯರರಲ್ಲಿ ಕೇಳಿ, ಎರಡು ತೊಲೆಗಳ ನಡುವಿನ ಹರವಿನ ಮಧ್ಯಭಾಗದಲ್ಲಿ ನೇರವಾದ ಕೂಡುಗೆರೆ ಬಿಟ್ಟು ಎರಡು ಬೆಳಗ್ಗೆಗಳಲ್ಲಿ ಹಾಕಬಹುದು. ಸುಸ್ತಾದಲ್ಲಿ ನಿಲ್ಲಿಸಿದ ಓರೆಕೋರೆ ಗೆರೆಯೇ ಮುಂದೆ ಸೋರುವ ಜಾಗವಾಗುತ್ತದೆ.

ಇನ್ನು ಮಳೆಯ ವಿಚಾರ. ನಮ್ಮ ಹಿರಿಯರು ಪತ್ತನಾಜೆಯನ್ನು, ಅಂದರೆ ತುಳು ತಿಂಗಳು ಬೇಶದ ಹತ್ತನೆಯ ದಿನವನ್ನು, ಗಡುವಾಗಿ ಇಟ್ಟುಕೊಂಡದ್ದು ಭೂತಾರಾಧನೆಯ ಕೋಲ, ನೇಮಗಳಿಗಷ್ಟೇ ಅಲ್ಲ, ಅಂಗಳದ ಕೆಲಸಗಳೆಲ್ಲಕ್ಕೂ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ರಂದೇ ಬಂತು. ಪತ್ತನಾಜೆಯ ಆಸುಪಾಸಿನ ದಿನವೇ ಅದು. ಆದುದರಿಂದ ಮುಂಗಾರಿನ ವಾಡಿಕೆಯ ದಿನವಾದ ಜೂನ್ ಒಂದನ್ನು ಬಿಟ್ಟು, ಪತ್ತನಾಜೆಯಿಂದ ಹಿಂದಕ್ಕೆ ಎಣಿಸಿರಿ. ಕಾಂಕ್ರೀಟು ಗಟ್ಟಿಯಾದ ಮೇಲೆ ಬರುವ ಮಳೆ ಅದಕ್ಕೆ ಕೆಡುಕಲ್ಲ, ಒಳ್ಳೆಯದೇ; ಭಯವಿರುವುದು ಹಾಕುವ ದಿನದ ಮಳೆಗೆ, ಮತ್ತು ಒತ್ತುಗಳು (ಹಸಿ ಸ್ಲ್ಯಾಬನ್ನು ಅಡಿಯಿಂದ ಹೊರುವ ಜಾಕಿ, ಕಂಬಗಳು) ನಿಂತ ನೆಲ ಮೆತ್ತಗಾಗುವುದಕ್ಕೆ. ಮೊದಲನೆಯದಕ್ಕೆ ಇಡೀ ತಾರಸಿಯನ್ನು ಮುಚ್ಚುವಷ್ಟು ಟರ್ಪಾಲನ್ನು ಕೆಲಸ ತೊಡಗುವ ಮೊದಲೇ ಮೇಲೆ ತಂದಿಡಬೇಕು. ಎರಡನೆಯದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹಲವು ವರ್ಷಗಳ ಹಿಂದೆ ನಾನೇ ಮೇಲ್ವಿಚಾರಣೆ ನೋಡುತ್ತಿದ್ದ ಒಂದು ಮನೆಯಲ್ಲಿ, ಸ್ಲ್ಯಾಬು ಹಾಕಿದ ರಾತ್ರಿ ಬಂದ ಮಳೆಗೆ, ತುಂಬಿಸಿದ ಮಣ್ಣಿನ ಮೇಲೆ ಬರಿದೇ ನಿಲ್ಲಿಸಿದ್ದ ಜಾಕಿಗಳು ಎರಡಿಂಚು ಕುಸಿದು, ಕೋಣೆಯೊಂದರ ತಾರಸಿ ತೊಟ್ಟಿಲಿನಂತೆ ಬಾಗಿತು. ಹಗಲಾಗಿದ್ದರೆ ಅಡಿಯಲ್ಲಿ ಜನವಿರುತ್ತಿತ್ತು. ಅಂದಿನಿಂದ ಪ್ರತಿ ಜಾಕಿಯ ಬುಡಕ್ಕೆ ಅಗಲವಾದ ಹಲಗೆ ಇಡಿಸದೆ ನಾನು ಕಾಂಕ್ರೀಟಿಗೆ ಒಪ್ಪಿದ್ದಿಲ್ಲ.

ಒತ್ತು ತೆಗೆಯುವ ದಿನದಲ್ಲಿ ರಿಯಾಯಿತಿ ಬೇಡ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕ ಐಎಸ್ 456 ಹೇಳುವಂತೆ, ನಾಲ್ಕೂವರೆ ಮೀಟರ್ ವರೆಗಿನ ಹರವಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿನದಕ್ಕೆ 14 ದಿನ, ಆರು ಮೀಟರ್ ವರೆಗಿನ ತೊಲೆಗೆ 14 ದಿನ, ಅದನ್ನು ಮೀರಿದರೆ 21 ದಿನ ಒತ್ತುಗಳು ಇರಬೇಕು. ನಮ್ಮಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟು ನಿಧಾನವಾಗಿ ಬಲ ಪಡೆಯುವುದರಿಂದ ಈ ದಿನಗಳನ್ನು ಇನ್ನೂ ಹೆಚ್ಚಿಸಬೇಕು. ಎರಡು ಮನೆಗಳಿಗೂ ಒಂದೇ ಕಂತೆ ಸೆಂಟ್ರಿಂಗ್ ಸಾಮಾನನ್ನು (ಒತ್ತು, ಹಲಗೆಗಳನ್ನು) ನೆಚ್ಚಿಕೊಂಡಿದ್ದರೆ ಮೊದಲ ಮನೆಯ ಸ್ಲ್ಯಾಬು ಏಪ್ರಿಲ್ ಮೊದಲ ವಾರವೇ ಆಗಬೇಕು; ವಿಷುವಿಗೆ ಕೆಲಸದವರು ಊರಿಗೆ ಹೋಗುವುದನ್ನೂ ಸೇರಿಸಿ ಎಣಿಸಿದರೆ ಎರಡನೆಯದು ಮೇ ಮೊದಲ ವಾರಕ್ಕೆ ಬರುತ್ತದೆ. ಅಷ್ಟು ಸಮಯ ಉಳಿದಿಲ್ಲವಾದರೆ ಎರಡನೆಯ ಮನೆಯವರಿಗೆ ಈಗಲೇ ಹೇಳಿಬಿಡಿ. ಮೇ ಕೊನೆಯ ಅವಸರದಲ್ಲಿ ಒತ್ತು ಕಿತ್ತು ಆ ಮನೆಗೆ ಸಾಗಿಸುವುದಕ್ಕಿಂತ, ಇನ್ನೊಂದು ಕಂತೆ ಬಾಡಿಗೆಗೆ ತರುವುದು ಅಥವಾ ಗೋಡೆಯ ಮಟ್ಟದಲ್ಲಿ ನಿಲ್ಲಿಸಿ ಗೋಡೆಯ ತಲೆಗೆ ಹೊದಿಕೆ ಹಾಕಿ ಮಳೆಗಾಲ ಕಳೆಯುವುದು ಮೇಲು.

ಸೆಕೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಗದಗ, ಬಾಗಲಕೋಟೆಯಂತಹ ಒಣ ಸೀಮೆಯಿಂದ ಬಂದವರು ಬಿಸಿಲು ತಮಗೆ ಹೊಸದಲ್ಲವೆಂದು ಹೇಳುತ್ತಾರೆ. ಹೊಸದು ಬಿಸಿಲಲ್ಲ, ಈ ಸೆಕೆ. ಬಂದ ಮೊದಲ ದಿನ ಅವರಿಂದ ಪೂರ್ತಿ ದುಡಿಮೆ ಬಯಸದೆ, ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ನಡುವೆ ಉಪ್ಪು ಹಾಕಿದ ಗಂಜಿನೀರು ಅಥವಾ ಮಜ್ಜಿಗೆ ತಾರಸಿಯ ಮೇಲಕ್ಕೇ ತಲುಪಬೇಕು. ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ವರ್ತಿಸಿದರೆ ಅದು ಬರಿಯ ಸುಸ್ತಲ್ಲ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಪ್ರಶ್ನೆ: ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದೆವು. ಆರೋಗ್ಯ ಕಾರ್ಯಕರ್ತೆಯರು ಬಂದು, ಡೆಂಗಿ ಸೊಳ್ಳೆಯ ಹುಳುಗಳಿವೆಯೆಂದು ನೀರು ಬಿಡಿಸಿದರು. ನೀರಿಲ್ಲದಿದ್ದರೆ ತಾರಸಿ ಬಿರಿಯುವುದಿಲ್ಲವೇ? — ಮಂಜೇಶ್ವರದ ಓದುಗರು

ಉತ್ತರ: ಅವರೂ ಸರಿ, ನೀವೂ ಸರಿ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ, ಸಾಧ್ಯವಾದರೆ 14 ದಿನ ತೇವ ಆರಬಾರದು. ಸೊಳ್ಳೆಯ ಮೊಟ್ಟೆ ರೆಕ್ಕೆ ಬಂದು ಹಾರಲು ಬೇಕಾಗುವುದು ಒಂದು ವಾರದಿಂದ ಹತ್ತು ದಿನ. ಹಾಗಾಗಿ ಐದು ದಿನಕ್ಕೊಮ್ಮೆ ಬೆಳಗ್ಗೆ ಕಟ್ಟೆ ಒಡೆದು, ನೀರನ್ನು ಪೊರಕೆಯಿಂದ ಗುಡಿಸಿ ಒಣ ಮಣ್ಣಿಗೆ ಹರಿಯಬಿಟ್ಟು, ಅರ್ಧ ಗಂಟೆಯೊಳಗೆ ಹೊಸ ನೀರು ತುಂಬಿದರೆ ಕಾಂಕ್ರೀಟಿಗೆ ಏನೂ ಆಗುವುದಿಲ್ಲ, ಹುಳುಗಳು ಮಣ್ಣಿನಲ್ಲಿ ಸಾಯುತ್ತವೆ. ಇದಕ್ಕಿಂತ ಉತ್ತಮವೆಂದು ನನಗೆ ಕಂಡಿರುವುದು, ಗೋಣಿಚೀಲ ಹಾಸಿ ದಿನಕ್ಕೆ ಮೂರು ನಾಲ್ಕು ಸಲ ನೆನೆಸುವುದು. ನೀರು ನಿಲ್ಲುವುದಿಲ್ಲ, ತೇವ ಉಳಿಯುತ್ತದೆ, ಬಾವಿಯ ನೀರೂ ಉಳಿಯುತ್ತದೆ.

ನೀರಿನ ಡ್ರಮ್ಮುಗಳನ್ನು ಬರಿದು ಮಾಡಿದರೆ ಸಾಲದು. ಈ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಂಚಿನ ಗೋಡೆಗೆ, ಮತ್ತು ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಒಳಮೈಯನ್ನು ತಿಕ್ಕಿ ತೊಳೆದು, ಬಾಯಿಗೆ ಬಟ್ಟೆ ಕಟ್ಟಬೇಕು. ಸುತ್ತಲಿನ ಅಡಕೆ ಹಾಳೆ, ರಬ್ಬರಿನ ಚಿಪ್ಪುಗಳನ್ನೂ ಕವುಚಿ ಹಾಕಿಸಿರಿ. ಕೆಲಸದವರಲ್ಲಿ ಯಾರಿಗಾದರೂ ಜ್ವರ ಬಂದರೆ ಮೈಕೈ ನೋವಿಗೆಂದು ಅಂಗಡಿಯಿಂದ ಸಿಕ್ಕಿದ ನೋವಿನ ಮಾತ್ರೆ ನುಂಗಿಸಬೇಡಿ. ಡೆಂಗಿಯಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವ ಹೆಚ್ಚಿಸಬಲ್ಲವು. ವೈದ್ಯರು ನೋಡುವ ತನಕ ಪ್ಯಾರಾಸಿಟಮಾಲ್ ಮಾತ್ರ ಸಾಕು.

ಪ್ರಶ್ನೆ: ಕೆಂಪುಕಲ್ಲು, ಗ್ರಾನೈಟು, ಟೈಲ್ಸ್ ಕೊಯ್ಯುವ ನಮ್ಮ ಹುಡುಗನಿಗೆ ಆರು ತಿಂಗಳಿಂದ ಒಣಕೆಮ್ಮು. ಮುಖಕ್ಕೆ ಬೈರಾಸು (ಟವೆಲು) ಕಟ್ಟಿಕೊಂಡೇ ಕೆಲಸ ಮಾಡುತ್ತಾನೆ. ಬೇರೆ ಏನು ಬೇಕು? — ಮುಳ್ಳೇರಿಯದ ಓದುಗರು

ಉತ್ತರ: ಮೊದಲು ಅವನನ್ನು ಈ ವಾರವೇ ವೈದ್ಯರಲ್ಲಿಗೆ ಕಳುಹಿಸಿ. ತನ್ನ ಕೆಲಸ ಕಲ್ಲು ಕೊಯ್ಯುವುದೆಂದು ಅವನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕೆಮ್ಮಿನ ಔಷಧಿ ಬರೆದು ಕಳುಹಿಸಿಬಿಡುವ ಸಾಧ್ಯತೆಯಿದೆ. ಗ್ರಾನೈಟಿನಲ್ಲಿ, ಟೈಲ್ಸಿನಲ್ಲಿ, ಕಾಂಕ್ರೀಟಿನಲ್ಲಿ ಸಿಲಿಕಾ ಇರುತ್ತದೆ, ಕೆಂಪುಕಲ್ಲಿನಲ್ಲೂ ಸ್ವಲ್ಪ ಇರುತ್ತದೆ. ಯಂತ್ರದ ಅಲಗು ಅದನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಮಾಡುತ್ತದೆ. ಕಾಣುವ ಧೂಳು ಮೂಗಿನಲ್ಲಿ ನಿಲ್ಲುತ್ತದೆ; ಕಾಣದ್ದು ಶ್ವಾಸಕೋಶದ ತಳಕ್ಕಿಳಿದು ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ಬಂದ ಮೇಲೆ ಗುಣವಾಗುವುದಿಲ್ಲ, ಕ್ಷಯ ಹಿಡಿಯುವ ಅಪಾಯವನ್ನೂ ಹೆಚ್ಚಿಸುತ್ತದೆ. ಬೈರಾಸಿನ ನೇಯ್ಗೆಯ ಕಿಂಡಿಗಳು ಆ ಧೂಳಿಗೆ ತೆರೆದ ಬಾಗಿಲಿನಂತೆ. ಇಪ್ಪತ್ತರ ಹರೆಯದ ಹುಡುಗನೊಬ್ಬ ನಲವತ್ತಕ್ಕೆ ಮೆಟ್ಟಿಲು ಹತ್ತಲಾರದಂತಾಗುವುದು ಕೇವಲ ಒಂದು ಬಟ್ಟೆಯನ್ನು ನಂಬಿದ್ದಕ್ಕೆ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಧೂಳು ಹುಟ್ಟುವಲ್ಲೇ ಅದನ್ನು ತಡೆಯಬೇಕು, ಅಂದರೆ ಅಲಗಿನ ಮೇಲೆ ನೀರು ಬೀಳುತ್ತಿರುವಂತೆ ಕೊಯ್ಯಬೇಕು. ನೀರು ಹಾಯಿಸಲು ಏರ್ಪಾಡಿರುವ ಕಟ್ಟರನ್ನೇ ಕೊಳ್ಳಿರಿ. ಸಾಧಾರಣ ಕಟ್ಟರಿಗೆ ಬಾಟಲಿಯಿಂದ ನೀರು ಹೊಯ್ಯಿಸುವುದು ವಿದ್ಯುತ್ತಿನ ಕಾರಣದಿಂದ ಅಪಾಯ. ಕೊಯ್ಯುವ ಜಾಗ ಕೋಣೆಯೊಳಗೆ ಬೇಡ, ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಇರಲಿ. ಇವೆಲ್ಲದರ ಮೇಲೆ ಎನ್-95 ಮಾಸ್ಕ್. ಅದು ಮುಖಕ್ಕೆ ಬಿಗಿಯಾಗಿ ಅಂಟಿದರೆ ಮಾತ್ರ ಪ್ರಯೋಜನ. ಗಡ್ಡವಿದ್ದರೆ ಅಂಚಿನಲ್ಲಿ ಸಂದು ಬೀಳುತ್ತದೆ. ಬೆವರಿಗೆ ಒದ್ದೆಯಾದುದನ್ನು, ಉಸಿರೆಳೆಯಲು ಕಷ್ಟವಾಗುವುದನ್ನು ಬದಲಿಸಬೇಕು. ಸಂಜೆ ಒಣ ಪೊರಕೆಯಲ್ಲಿ ಗುಡಿಸದೆ ನೀರು ಚಿಮುಕಿಸಿ ಗುಡಿಸಿರಿ.

ಪ್ರಶ್ನೆ: ಮಿಕ್ಸರಿನ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂದು ಕೆಲಸದವರು ಹೇಳುತ್ತಾರೆ. ಎಲೆಕ್ಟ್ರಿಷಿಯನ್ ನೋಡಿ ದೊಡ್ಡ ದೋಷವಿಲ್ಲವೆಂದರು. ಮುಂದುವರಿಸಬಹುದೇ? — ಕುಂಬಳೆಯ ಓದುಗರು

ಉತ್ತರ: ಬೇಡ. ಇಂದೇ ನಿಲ್ಲಿಸಿ. ಒಣ ಚಪ್ಪಲಿಯಲ್ಲಿ ಜುಮ್ಮೆನ್ನುವುದು ಒದ್ದೆ ನೆಲದಲ್ಲಿ, ಬರಿಗಾಲಿನಲ್ಲಿ ಪ್ರಾಣ ತೆಗೆಯಬಹುದು. ಮಿಕ್ಸರ್, ವೈಬ್ರೇಟರ್, ಕಟ್ಟರ್ ಎಲ್ಲಕ್ಕೂ ಕರೆಂಟು ಹೋಗುವ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಸೋರುವ ಕರೆಂಟನ್ನು ಗುರುತಿಸಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಡಿಯುವ ಸಾಧನ ಅದು, ಹೊರೆ ಹೆಚ್ಚಾದಾಗ ಬೀಳುವ ಸಾಮಾನ್ಯ ಎಂಸಿಬಿ ಸ್ವಿಚ್ ಆ ಕೆಲಸ ಮಾಡುವುದಿಲ್ಲ. ಅದರ ಪರೀಕ್ಷೆಯ ಗುಂಡಿಯನ್ನು ಪ್ರತಿದಿನ ಬೆಳಗ್ಗೆ ಒತ್ತಿ ನೋಡುವುದು ಮೇಸ್ತ್ರಿಯ ಮೊದಲ ಕೆಲಸವಾಗಲಿ. ಮೂರು ಮುಳ್ಳಿನ ಪ್ಲಗ್ ಇಲ್ಲದೆ ಬರಿಯ ವಯರನ್ನು ಕಡ್ಡಿ ಸಿಕ್ಕಿಸಿ ನಿಲ್ಲಿಸುವ ಅಭ್ಯಾಸವನ್ನು ನಿಮ್ಮ ಕೆಲಸದಲ್ಲಿ ಎಲ್ಲೂ ನಡೆಯಗೊಡಬೇಡಿ. ವೈಬ್ರೇಟರಿನ ಕೇಬಲು ಸರಳುಗಳ ಮೇಲೆ ಎಳೆದಾಡಿ ಸಿಪ್ಪೆ ಸುಲಿಯುತ್ತದೆ. ಒಬ್ಬನು ಅದನ್ನು ಎತ್ತಿ ಹಿಡಿದೇ ಇರಬೇಕು. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟುವ ಮೊದಲು ಮೈನ್ ಸ್ವಿಚ್ ಆರಿಸಿ.

ಪ್ರಶ್ನೆ: ಗಾರೆ ಕೆಲಸದವರ ಕೈ ಬಿರಿದು ಹುಣ್ಣಾಗುತ್ತದೆ. ತೆಂಗಿನೆಣ್ಣೆ ಹಚ್ಚಿ ಇಳಿಯುತ್ತಾರೆ, ಗುಣ ಕಾಣಿಸುವುದಿಲ್ಲ. — ಉಪ್ಪಳದ ಓದುಗರು

ಉತ್ತರ: ಎಣ್ಣೆ ತಡೆಯಲ್ಲ. ಒದ್ದೆ ಸಿಮೆಂಟು ಸುಣ್ಣದಂತೆ ಸುಡುವ ಕ್ಷಾರ. ಉರಿ ಗೊತ್ತಾಗುವ ಹೊತ್ತಿಗೆ ಚರ್ಮ ಸುಟ್ಟಿರುತ್ತದೆ. ಇದರ ಜೊತೆಗೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಕೆಲವರಲ್ಲಿ ಅಲರ್ಜಿ ಹುಟ್ಟಿಸುತ್ತದೆ, ಒಮ್ಮೆ ಹುಟ್ಟಿದ ಮೇಲೆ ಚಿಟಿಕೆ ಸಿಮೆಂಟೂ ತುರಿಕೆ ತರುತ್ತದೆ. ನೀರು ಒಳಹೋಗದ ರಬ್ಬರ್ ಅಥವಾ ನೈಟ್ರೈಲ್ ಗ್ಲೌಸ್ ಕೊಡಿ. ಬಟ್ಟೆಯವು ಸಿಮೆಂಟು ನೀರನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುವುದರಿಂದ ಇನ್ನೂ ಕೆಟ್ಟದು. ಕಾಂಕ್ರೀಟಿನಲ್ಲಿ ನಿಲ್ಲುವವರಿಗೆ ಗಂಬೂಟು. ಕರಣೆ, ಬಾಂಡ್ಲಿ ತೊಳೆದ ಬಕೆಟಿನಲ್ಲೇ ಕೈ ತೊಳೆಯುವುದು ಹುಣ್ಣಿಗೆ ಮುಖ್ಯ ಕಾರಣಗಳಲ್ಲೊಂದು. ಕೈಕಾಲಿಗೆ ಬೇರೆ ನೀರು ಇರಿಸಿ. ಕಣ್ಣಿಗೆ ಹಾರಿದರೆ ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸುತ್ತಲೇ ಇದ್ದು, ನಂತರ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಪ್ರಶ್ನೆ: ನನಗೆ ಐವತ್ತೆರಡು, ಸಕ್ಕರೆ ಕಾಯಿಲೆಯಿದೆ. ಮೂರು ಕಡೆ ಕೆಲಸ ನೋಡುವುದರಿಂದ ಮಧ್ಯಾಹ್ನದ ಊಟ ಮೂರು ಗಂಟೆಗೆ ಆಗುತ್ತದೆ. ಕೆಲವೊಮ್ಮೆ ಕೈ ನಡುಗಿ ಬೆವರುತ್ತದೆ, ಬಿಸಿಲಿನಿಂದ ಇರಬಹುದೇ? — ನೀರ್ಚಾಲಿನ ಓದುಗರು

ಉತ್ತರ: ಮಾತ್ರೆ ನುಂಗಿ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದಾಗ ರಕ್ತದ ಸಕ್ಕರೆ ಇಳಿದು ಹೀಗಾಗುವುದುಂಟು, ಬಿಸಿಲಿನ ಬಳಲಿಕೆಯಂತೆಯೇ ಕಾಣುವುದರಿಂದ ತಪ್ಪು ತಿಳಿಯುತ್ತೇವೆ. ನಡುಕ ಬಂದ ಕೂಡಲೇ ನಾಲ್ಕು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿನಲ್ಲಿ ಕದಡಿ ಕುಡಿಯಿರಿ, ಆ ಹೊತ್ತಿನಲ್ಲಿ ಏಣಿಯನ್ನಾಗಲಿ ಬೈಕನ್ನಾಗಲಿ ಹತ್ತಬೇಡಿ, ಮತ್ತು ಮಾತ್ರೆಯ ಪ್ರಮಾಣ ಹಾಗೂ ಹೊತ್ತನ್ನು ನಿಮ್ಮ ವೈದ್ಯರಲ್ಲಿ ಮರುವಿಚಾರಿಸಿರಿ. ಹನ್ನೆರಡಕ್ಕೆ ಕೆಲಸದವರನ್ನು ನೆರಳಿಗೆ ಕಳುಹಿಸಿದ ಮೇಲೆ ನಿಮಗೂ ಊಟದ ಹೊತ್ತು ತಾನಾಗಿ ಸಿಗುತ್ತದೆ. ಆ ಮೂರು ಗಂಟೆಯನ್ನು ಬ್ಯಾಂಕಿಗೋ ಸಾಮಾನಿನ ಅಂಗಡಿಗೋ ಬಿಟ್ಟುಕೊಡಬೇಡಿ. ಹವಾಯಿ ಚಪ್ಪಲಿಯಲ್ಲಿ ಸೆಂಟ್ರಿಂಗ್ ಹಲಗೆಗಳ ನಡುವೆ ನಡೆಯುವುದನ್ನು ಬಿಡಿ. ನಿಮ್ಮ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂಕಾಗಿರಬಹುದು, ಮೊಳೆ ಚುಚ್ಚಿದ್ದು ಸಂಜೆಯ ತನಕ ತಿಳಿಯದೆ ಹೋಗಬಹುದು. ದಪ್ಪ ಅಡಿಯ ಶೂ ಧರಿಸಿ, ದಿನಾ ಮಲಗುವ ಮೊದಲು ಎರಡೂ ಅಂಗಾಲುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಿ, ಮತ್ತು ಧನುರ್ವಾಯು ತಡೆಯುವ ಚುಚ್ಚುಮದ್ದು (ಹಿಂದೆ ಟಿಟಿ, ಈಗ ಟಿಡಿ) ತೆಗೆದುಕೊಂಡು ಹತ್ತು ವರ್ಷ ಕಳೆದಿದ್ದರೆ ಗಾಯವಾಗುವುದನ್ನು ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳಿ.