ಕಾಸರಗೋಡಿನ ಕಳ್ಳನ್ನು ಬೆಂಗಳೂರಿಗೆ ಒಯ್ಯಬಹುದೇ?

ನಮ್ಮೂರಿನ ಕಳ್ಳು ದೇಹಕ್ಕೆ ತಂಪಂತೆ, ಒಂದು ಕ್ಯಾನು ತುಂಬಿಸಿ ಬೆಂಗಳೂರಿಗೆ ಒಯ್ಯಬಹುದೇ ಎಂದು ಕೇಳಿದ್ದೀರಿ. ಒಯ್ಯಬೇಡಿ. ಕಾನೂನಿನ ತೊಡಕು ಉಂಟು, ಅದನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲಿನ ಕಾರಣ ಕಳ್ಳಿನದ್ದೇ. ಬೆಳಗ್ಗೆ ಮಂಜೇಶ್ವರದಲ್ಲಿ ಇಳಿಸಿದ್ದು ರಾತ್ರಿ ಬೆಂಗಳೂರು ಮುಟ್ಟುವಾಗ ಅದೇ ಪಾನೀಯವಾಗಿ ಉಳಿದಿರುವುದಿಲ್ಲ. ಮುಚ್ಚಳ ಬಿಗಿದಿದ್ದರೆ ಕ್ಯಾನು ಘಟ್ಟ ಹತ್ತುವ ಮೊದಲೇ ಉಬ್ಬಿರುತ್ತದೆ.

ಕಳ್ಳು ಹೊಂಬಾಳೆಯ ರಸ. ತೆಂಗಿನ ಹೊಂಬಾಳೆ ಕವಚ ಒಡೆಯುವ ಮೊದಲೇ ಕಳ್ಳು ಇಳಿಸುವ ಮೂರ್ತೆದಾರರು ಅದನ್ನು ಆರಿಸಿ, ಹಸಿ ಗರಿಯ ಸೀಳಿನಿಂದ ಉದ್ದಕ್ಕೂ ಬಿಗಿದು ಸುತ್ತುತ್ತಾರೆ. ಕಟ್ಟು ಸಡಿಲವಾದರೆ ಹೊಂಬಾಳೆ ಬಿರಿದು ಹೂ ಹರಡಿಕೊಳ್ಳುತ್ತದೆ, ಅದು ಮತ್ತೆ ಕೆಲಸಕ್ಕೆ ಬಾರದು. ತುದಿಯನ್ನು ಚೂರು ಕೊಯ್ದು, ಎಲುಬಿನ ತುಂಡಿನಿಂದಲೋ ಮರದ ಕೊಡತಿಯಿಂದಲೋ ಬೆಳಗ್ಗೆ ಸಂಜೆ ಸುತ್ತಲೂ ಮೆತ್ತಗೆ ಬಡಿಯಬೇಕು. ಒಳಗಿನ ಮೊಗ್ಗು ನಲುಗಬೇಕು, ಕವಚ ಬಿರುಕು ಬಿಡಬಾರದು. ಪೆಟ್ಟು ಜೋರಾದರೆ ಒಳಗೆ ಕೊಳೆಯುತ್ತದೆ, ಕಡಿಮೆಯಾದರೆ ರಸ ಇಳಿಯುವುದಿಲ್ಲ. ಈ ಹದ ಕೈಗೆ ಬರಲಿಕ್ಕೆ ವರ್ಷಗಳೇ ಬೇಕು. ಜೊತೆಗೆ ಹೊಂಬಾಳೆಯನ್ನು ದಿನಕ್ಕಿಷ್ಟು ಎಂದು ಬಾಗಿಸುತ್ತಾ ಬರುತ್ತಾರೆ. ಒಂದೆರಡು ವಾರ ಕಳೆದ ಮೇಲೆ ಹನಿ ಶುರುವಾಗುತ್ತದೆ, ಆಗ ಕುಡಿಕೆ ಕಟ್ಟುತ್ತಾರೆ.

ಅಲ್ಲಿಂದ ಮುಂದೆ ರಜೆ ಇಲ್ಲ. ಪ್ರತಿ ಸಲ ಮರ ಹತ್ತಿದಾಗಲೂ ಕೊಯ್ದ ತುದಿಯಿಂದ ಕಾಗದದಷ್ಟು ತೆಳುವಾದ ಒಂದು ಪದರ ಕೆತ್ತಬೇಕು. ಗಾಯದ ಬಾಯಿ ಲೋಳೆಗಟ್ಟಿ ಮುಚ್ಚಿಕೊಳ್ಳುವುದರಿಂದ ಎರಡು ದಿನ ಹತ್ತದಿದ್ದರೆ ಹರಿವು ನಿಂತೇ ಹೋಗಬಹುದು. ಒಳ್ಳೆಯ ಮರ ದಿನಕ್ಕೆ ಒಂದರಿಂದ ಎರಡು ಲೀಟರ್ ಕೊಡುತ್ತದೆ. ಒಂದು ಹೊಂಬಾಳೆ ಸುಮಾರು ತಿಂಗಳಷ್ಟು ಹರಿಯುತ್ತದೆ, ಅದು ಮುಗಿಯುವಷ್ಟರಲ್ಲಿ ಮುಂದಿನದನ್ನು ಬಡಿದು ತಯಾರು ಮಾಡಿರಬೇಕು. ತಾಳೆ, ಬೈನೆ ಮರಗಳಿಂದಲೂ ಕಳ್ಳು ತೆಗೆಯುತ್ತಾರೆ, ಆದರೆ ನಮ್ಮಲ್ಲಿ ಹೆಚ್ಚಿನದ್ದು ತೆಂಗಿನದ್ದೇ.

ಮರದಿಂದ ಹನಿಯುವ ರಸದಲ್ಲಿ ಮದ್ಯ ಇಲ್ಲ. ನೂರಕ್ಕೆ 12ರಿಂದ 15 ಪಾಲು ಸಕ್ಕರೆ, ಉಳಿದದ್ದು ಬಹುಪಾಲು ನೀರು. ಕುಡಿಕೆಯ ಒಳಗೆ ಸುಣ್ಣ ಬಳಿದರೆ ಹುಳಿಯುವಿಕೆ ತಡೆದು ಅದು ನೀರಾ ಆಗಿ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣ ಇಲ್ಲದ ಕುಡಿಕೆಯಲ್ಲಿ ಹಿಂದಿನ ದಿನದ ಗಸಿಯಲ್ಲೂ ಗಾಳಿಯಲ್ಲೂ ಇರುವ ಯೀಸ್ಟ್ ಮರದ ಮೇಲೆಯೇ ಕೆಲಸ ಶುರುಮಾಡುತ್ತದೆ. ಹಾಗಾಗಿ ಬೆಳಗ್ಗೆ ಇಳಿಸುವಾಗಲೇ ನೊರೆ ಬಂದಿರುತ್ತದೆ. ದಿನ ಕಳೆಯುವಷ್ಟರಲ್ಲಿ ಮದ್ಯದ ಅಂಶ ಸಾಮಾನ್ಯವಾಗಿ ನೂರಕ್ಕೆ 4ರಿಂದ 6ಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲೆ ಏರುತ್ತದೆ. ಎರಡನೇ ದಿನ ಹುಳಿ ಹೊಡೆಯುತ್ತದೆ. ಇನ್ನೂ ಇಟ್ಟರೆ ವಿನೆಗರ್. ಇದನ್ನು ತಡೆಹಿಡಿದು ದೂರದೂರಿಗೆ ಸಾಗಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಇನ್ನು ತಂಪಿನ ವಿಷಯ. ಇದನ್ನು ನಂಬುವವರು ನಮ್ಮಲ್ಲೂ ಧಾರಾಳ ಇದ್ದಾರೆ, ಅದೇ ನನಗೆ ಸಂಕಟ. ನೂರಕ್ಕೆ 6ರ ಕಳ್ಳು ಒಂದು ಲೀಟರ್ ಕುಡಿದರೆ ಸುಮಾರು 47 ಗ್ರಾಂ ಶುದ್ಧ ಮದ್ಯ ಒಳಗೆ ಹೋಯಿತು. 60 ಮಿಲಿಯ ಒಂದು ಪೆಗ್ ವಿಸ್ಕಿಯಲ್ಲಿ ಇರುವುದು ಸುಮಾರು 20 ಗ್ರಾಂ. ಎಂದರೆ ಲೀಟರ್ ಕಳ್ಳು ಎರಡು ಪೆಗ್ಗಿಗೂ ಮೇಲೆ. ಯಕೃತ್ತು ಗಂಟೆಗೆ ಅಂದಾಜು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ, ಮೀನುಸಾರು ಉಂಡರೂ ತಣ್ಣೀರು ಮಿಂದರೂ ಆ ವೇಗ ಏರುವುದಿಲ್ಲ. ಮಧ್ಯಾಹ್ನ ಲೀಟರ್ ಕುಡಿದು ಎರಡು ಗಂಟೆ ನಿದ್ದೆ ಮಾಡಿ ಬೈಕು ಹತ್ತಿದವರು ಪೊಲೀಸರ ಯಂತ್ರಕ್ಕೆ ಊದಿದರೆ ಸಿಕ್ಕಿಬೀಳುವುದು ಇದಕ್ಕೇ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ರಸದಲ್ಲಿ ಸ್ವಲ್ಪ ಪೋಷಕಾಂಶ ಇರುವುದು ನಿಜ. ಆದರೆ ದಿನವೂ ಕುಡಿಯುವವರ ಯಕೃತ್ತಿನಲ್ಲಿ ಕೊಬ್ಬು ಕೂಡುವುದನ್ನು, ಗಂಟಲು ಅನ್ನನಾಳಗಳ ಕ್ಯಾನ್ಸರಿನ ಅಪಾಯವನ್ನು ಅದು ತಡೆಯುವುದಿಲ್ಲ. ಜೊತೆಗೆ ಬೀಡಿಯೋ ತಂಬಾಕಿನ ಬೀಡವೋ ಸೇರಿದರೆ ಅಪಾಯ ಹಲವು ಪಟ್ಟು.

ಕಳ್ಳಿಗೆ ಸ್ಪಿರಿಟ್ ಬೆರೆಸಿ ಮಾರುವ ದಂಧೆಯೂ ಇದೆ. ಆ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇದ್ದರೆ ಪ್ರಾಣಕ್ಕೇ ಸಂಚಕಾರ. ತೆಂಗಿನ ರಸ ಹುಳಿತು ಅಷ್ಟು ಮೆಥನಾಲ್ ಹುಟ್ಟುವುದಿಲ್ಲ, ಅದು ಹೊರಗಿನಿಂದ ಬರುವಂಥದ್ದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಲಕ್ಷಣ ಕಾಣಿಸಲು ಅರ್ಧ ದಿನವೋ ಒಂದು ದಿನವೋ ಹಿಡಿಯುವುದರಿಂದ ಮನೆಯವರು ಬರೀ ಅಮಲು ಎಂದುಕೊಳ್ಳುತ್ತಾರೆ. ಕುಡಿದ ಮರುದಿನ ಕಣ್ಣು ಮಂಜಾಗಿ ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. 2000ದಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್‌ನಲ್ಲಿ 31 ಮಂದಿ ಸತ್ತದ್ದು ಇಂಥ ವಿಷಮದ್ಯದಿಂದ.

ಗಡಿಯ ಕಾನೂನು ಹೊರಗಿನವರಿಗೆ ಗೊಂದಲ. ಕೇರಳದಲ್ಲಿ ಪರವಾನಗಿ ಇರುವ ಕಳ್ಳಿನಂಗಡಿ ಉಂಟು, ಒಬ್ಬರು ಇಟ್ಟುಕೊಳ್ಳಬಹುದಾದದ್ದು ಒಂದೂವರೆ ಲೀಟರ್ (ನಿಮ್ಮ ಕ್ಯಾನು ತೊಡಕಾಗುವುದು ಇಲ್ಲೇ), ವಯಸ್ಸು 23 ತುಂಬಿರಬೇಕು. ಆಚೆ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳು ಮಾರುತ್ತವೆ. ಸಾರಾಯಿಯನ್ನು ಕೇರಳ 1996ರಲ್ಲಿ, ಕರ್ನಾಟಕ 2007ರಲ್ಲಿ ನಿಷೇಧಿಸಿತು. ನಡುವಿನ 11 ವರ್ಷ ಗಡಿಯ ತಲಪಾಡಿಯ ಆಚೆ ಸಕ್ರಮವಾಗಿದ್ದ ಸಾರಾಯಿ ಪ್ಯಾಕೆಟ್ ಈಚೆ ಬಂದರೆ ಅಪರಾಧವಾಗಿತ್ತು. ಈಗ ಆ ಜಾಗಕ್ಕೆ ಕರ್ನಾಟಕದ ಟೆಟ್ರಾ ಪ್ಯಾಕ್ ಮದ್ಯ ಬಂದಿದೆ. ಕೇರಳದಲ್ಲಿ ಪ್ರತಿ ತಿಂಗಳ ಒಂದನೇ ತಾರೀಕು ಮದ್ಯದಂಗಡಿಗೆ ರಜೆಯಾದ್ದರಿಂದ ಗಡಿ ದಾಟುವ ಆಸೆ ಹುಟ್ಟುವುದು ಸಹಜ. ಆದರೆ ಕೇರಳದ ಸುಂಕ ಕಟ್ಟದ ಮದ್ಯ ತಂದು ಸಿಕ್ಕಿಬಿದ್ದರೆ ಅಬಕಾರಿ ಕಾಯ್ದೆಯಲ್ಲಿ 10 ವರ್ಷದವರೆಗೆ ಸಜೆ, 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಇದೆ. ಸಾಗಿಸಲಿಕ್ಕೆ ಕೂಲಿಗೆ ಸಿಗುವವರು ಹೆಚ್ಚಾಗಿ ಬಡ ಹುಡುಗರು, ಜೈಲು ಸೇರುವವರೂ ಅವರೇ.

ತುಳುನಾಡಿನ ದೈವ ಕೊರಗಜ್ಜನಿಗೆ ವೀಳ್ಯ, ಚಕ್ಕುಲಿಯ ಜೊತೆ ಕಳ್ಳು ಇಡುತ್ತಾರೆ. ಉತ್ತರ ಕೇರಳದ ದೈವ ಮುತ್ತಪ್ಪನಿಗೂ ಕಳ್ಳೇ ನೈವೇದ್ಯ. ನೋಡಲು ಬಂದವರು ಇದನ್ನು ಕುಡಿತದ ಸಂಭ್ರಮ ಎಂದು ತಿಳಿಯಬಾರದು, ಅದು ದೈವಕ್ಕೆ ಸಲ್ಲುವ ಪಾಲು. ಮೂರ್ತೆಯ ಕಸುಬಿನ ಬಿಲ್ಲವರೂ ತೀಯರೂ ಗೌರವಿಸುವ ನಾರಾಯಣ ಗುರುಗಳು ಮದ್ಯ ವಿಷ, ಅದನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ನೂರು ವರ್ಷಗಳ ಹಿಂದೆಯೇ ಹೇಳಿದ್ದರು. ಕಸುಬು, ದೈವ, ಗುರು ಮೂರನ್ನೂ ಬಿಡಲಾಗದ ಮನೆಗಳು ಇಲ್ಲಿ ಬಹಳ.

ಕೊನೆಗೆ, ನೀವು ಕೇಳದಿದ್ದರೂ ಒಂದು ವಿಷಯ. ವರ್ಷಗಟ್ಟಲೆ ದಿನವೂ ಕುಡಿದವರನ್ನು ಮನೆಯವರು ಹಠಾತ್ತನೆ ಬಿಡಿಸಲಿಕ್ಕೆ ಹೋಗಬಾರದು, ಅದು ಕಳ್ಳಾದರೂ ಸರಿ. ಬಿಟ್ಟ ಮೊದಲ ದಿನ ಕೈ ನಡುಕ, ಬೆವರು. ಎರಡು ದಿನದೊಳಗೆ ಅಪಸ್ಮಾರದಂಥ ಸೆಳೆತ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಜ್ವರ, ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾದರೆ ಜೀವಕ್ಕೇ ಅಪಾಯ. ಇದನ್ನು ದೈವದ ಉಪದ್ರ ಎಂದು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಲು ಹೋಗಿ ಹೊತ್ತು ಕಳೆಯಬೇಡಿ. ಆಸ್ಪತ್ರೆಯಲ್ಲಿ ನಡುಕಕ್ಕೆ ಔಷಧಿ, ಗ್ಲೂಕೋಸಿನ ಮೊದಲು ಬಿ1 ವಿಟಮಿನ್ ಕೊಡುತ್ತಾರೆ. ಮದ್ಯವರ್ಜನ ಶಿಬಿರಕ್ಕೆ ಸೇರಿಸುವವರೂ ಹಿಂದೆ ಎಂದಾದರೂ ಸೆಳೆತ ಬಂದಿತ್ತೇ ಎಂದು ವೈದ್ಯರಿಗೆ ತಿಳಿಸಿ. ಕೇರಳ ಸರ್ಕಾರದ ವ್ಯಸನಮುಕ್ತಿ ಯೋಜನೆಯಾದ ವಿಮುಕ್ತಿಯ ಸಹಾಯವಾಣಿ 14405. ಮಲಯಾಳ ಬಾರದ ಹಿರಿಯರಿಗಾಗಿ ಕರೆ ಮಾಡುವಾಗ ಭಾಷೆ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟು ವರ್ಷದಿಂದ, ದಿನಕ್ಕೆಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ ಎಂಬ ಮೂರು ಉತ್ತರ ಅವರಿಗೆ ಸರಿಯಾಗಿ ಬೇಕಾಗುತ್ತದೆ.