ಸೊರಗಿದ ಮೊಲಕ್ಕೆ ಏನು ತಿನ್ನಿಸಲಿ ಎಂದು ಕೇಳಿದವರಿಗೆ

ಐದು ವರ್ಷದ ಮೊಲ, ತೂಕ 1.1 ಕಿಲೋಗೆ ಇಳಿದಿದೆ, ಗಲ್ಲ ಯಾವಾಗಲೂ ಒದ್ದೆ, ತಿಂಗಳಿಗೊಮ್ಮೆ ಮೇವು ಬಿಡುತ್ತದೆ, ಮೈ ಹಿಡಿಯಲು ಏನು ಕೊಡಲಿ ಎಂದು ಕೇಳಿದ್ದೀರಿ. ಮೈ ಹಿಡಿಸುವ ತಿಂಡಿ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಅದಕ್ಕೆ ತಿನ್ನಲು ಯಾಕೆ ಆಗುತ್ತಿಲ್ಲ ಅನ್ನುವುದನ್ನು ಮೊದಲು ಕಂಡುಹಿಡಿಯಬೇಕು.

ನಮ್ಮ ಮೊಲ ಬೆಳ್ಳಿಯ ಕಥೆಯೂ ಇದೇ ಆಗಿತ್ತು. ಅಯ್ಯೋ ಬಡಕಲಾಯ್ತಲ್ಲ ಎಂದು ಬಾಳೆಹಣ್ಣು, ಬಿಸ್ಕತ್ತು, ಅನ್ನ ಎಲ್ಲ ಕೊಟ್ಟೆ. ಮೆತ್ತಗಿದ್ದದ್ದನ್ನು ತಿಂದಳು, ಹುಲ್ಲು ಮುಟ್ಟಲಿಲ್ಲ. ಅದೇ ದೊಡ್ಡ ಸುಳಿವಾಗಿತ್ತು, ನನಗೆ ತಿಳಿಯಲಿಲ್ಲ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಯುವುದು ಮುಖ್ಯವಾಗಿ ಹುಲ್ಲು ಅರೆದಾಗ. ಮೊದಲು ನೋಡಿದ ವೈದ್ಯರು ತುಟಿ ಎತ್ತಿ ಬಾಚಿಹಲ್ಲು ನೋಡಿ ಸರಿಯಿದೆ ಅಂದರು. ಮೊಲಗಳ ಅನುಭವವಿದ್ದ ಇನ್ನೊಬ್ಬರು ಅರಿವಳಿಕೆ ಕೊಟ್ಟು ಒಳಗೆ ನೋಡಿದಾಗ ದವಡೆಹಲ್ಲು ಮುಳ್ಳಿನಂತೆ ಬೆಳೆದು ನಾಲಿಗೆಯ ಬದಿಯನ್ನು ಕೊರೆದಿತ್ತು. ನಿಮ್ಮ ಮೊಲದ ಗಲ್ಲ ಒದ್ದೆಯಾಗುತ್ತಿರುವುದು ಜೊಲ್ಲಿನಿಂದ ಇರಬಹುದು. ದವಡೆಹಲ್ಲು ನೋಡಿದ್ದೀರಾ, ತಲೆಯ ಎಕ್ಸ್‌ರೇ ಬೇಕಾ ಎಂದು ವೈದ್ಯರನ್ನು ನೇರವಾಗಿ ಕೇಳಿ. ಬೇರುಗಳ ಸ್ಥಿತಿ ಎಕ್ಸ್‌ರೇಯಲ್ಲೇ ಕಾಣುವುದು. ವಯಸ್ಸಾಯಿತು ಅಂದರೆ ಒಪ್ಪಬೇಡಿ, ಐದು ವರ್ಷ ಮೊಲಕ್ಕೆ ಮುಪ್ಪಲ್ಲ.

ವೈದ್ಯರಿಂದ ಹಲ್ಲಿನ ಮುಳ್ಳು ಉಜ್ಜಿ ತೆಗೆಸಿದರೂ ಕೆಲವು ವಾರಕ್ಕೆ ಮತ್ತೆ ಬೆಳೆಯುತ್ತದೆ. ಇದು ಗುಣವಾಗುವ ಕಾಯಿಲೆಯಲ್ಲ, ನಿಭಾಯಿಸುವ ಕಾಯಿಲೆ. ಅದಕ್ಕೇ ಒಂದು ಅಭ್ಯಾಸ ಮಾಡಿಕೊಳ್ಳಿ: ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ, ಕ್ಯಾಲೆಂಡರಿನಲ್ಲಿ ಬರೆಯಿರಿ. 1240, 1235, 1210 ಗ್ರಾಂ ಎಂದು ಇಳಿಯತೊಡಗಿದರೆ ಮತ್ತೆ ಹಲ್ಲು ತೋರಿಸುವ ಸರದಿ ಬಂತು ಅಂತ ಅರ್ಥ. ಕಣ್ಣಿಗೆ ಬಡಕಲು ಕಾಣುವ ಹೊತ್ತಿಗೆ ತಡವಾಗಿರುತ್ತದೆ, ತುಪ್ಪಳ ಎಲ್ಲವನ್ನೂ ಮುಚ್ಚಿಡುತ್ತದೆ. ಹಿಕ್ಕೆಯನ್ನೂ ನೋಡಿ. ಕಡಲೆಕಾಳಿನಷ್ಟಿದ್ದದ್ದು ಮೆಣಸಿನಕಾಳಿನಷ್ಟಾದರೆ ಹೊಟ್ಟೆಯ ಚಲನೆ ಕುಗ್ಗುತ್ತಿದೆ.

ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಬೆಳಗಾಗಲಿ ಎಂದು ಕಾಯಬೇಡಿ. ಕಿವಿ ಮುಟ್ಟಿ ನೋಡಿ. ಮೊಲದ ಮೈಯ ಬಿಸಿ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಿವಿ ತಣ್ಣಗಾಗಿ, ಮುದುಡಿ ಕೂತು ಹಲ್ಲು ಕಡಿಯುತ್ತಿದ್ದರೆ ಅದು ನೋವು. ಟವೆಲ್ಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು ವೈದ್ಯರ ಬಳಿಗೆ ಹೊರಡಿ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಹೊಟ್ಟೆ ಮೆತ್ತಗಿದ್ದು, ವೈದ್ಯರು ಕೊಡಿ ಅಂದಾಗ ನಾನು ಮಾಡುತ್ತಿದ್ದದ್ದು ಹೀಗೆ. ಹುಲ್ಲಿನ ಪೆಲೆಟ್ (ಒತ್ತಿ ಮಾಡಿದ ಗುಳಿಗೆ ಮೇವು) ಅನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮಿಕ್ಸಿಗೆ ಹಾಕಿ, ಸಿರಿಂಜಿನಲ್ಲಿ ಇಳಿಯುವಷ್ಟು ತೆಳ್ಳಗೆ ಮಾಡಬೇಕು. ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಿ, ಅಂಗಾತ ಮಾತ್ರ ಮಲಗಿಸಬೇಡಿ. ಬಾಚಿಹಲ್ಲಿನ ಹಿಂದೆ ಬದಿಯಲ್ಲಿ ಹಲ್ಲಿಲ್ಲದ ಜಾಗವಿದೆ, ಸಿರಿಂಜಿನ ತುದಿ ಅಲ್ಲಿಂದ ಹೋಗಬೇಕು. ಒಂದು ಎಂಎಲ್ ಬಿಟ್ಟು, ಅಗಿದು ನುಂಗುವವರೆಗೆ ಸುಮ್ಮನಿರಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗಬಹುದು. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಎಂಎಲ್, ನಾಲ್ಕೈದು ಸಲವಾಗಿ. ಮೊದಲ ದಿನ ಬೆಳ್ಳಿಯ ಗಲ್ಲ, ನನ್ನ ಸೆರಗು, ನೆಲ ಎಲ್ಲಾ ಹಸಿರು. ವಾರದಲ್ಲಿ ಸಿರಿಂಜ್ ನೋಡಿದರೆ ತಾನೇ ಮೂತಿ ಚಾಚತೊಡಗಿದಳು. ಕೊನೆಗೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಗಲ್ಲ ಒರೆಸಿ ಒಣಗಿಸಿ, ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ.

ಮಾಮೂಲಿ ಮೇವಿಗೆ ಒಣಹುಲ್ಲೇ ಮುಖ್ಯ. ಉದ್ದ ಕಡ್ಡಿ ಅಗಿಯಲಾಗದಿದ್ದರೆ ಕತ್ತರಿಯಲ್ಲಿ ತುಂಡು ಮಾಡಿ. ಪೂಜೆಗೆ ಮಾರುವ ಗರಿಕೆಯನ್ನು ಚೆನ್ನಾಗಿ ತೊಳೆದು ಕೊಡಿ, ನಮ್ಮವಳು ಅದಕ್ಕೆ ಪ್ರಾಣ ಬಿಡುತ್ತಿದ್ದಳು. ಕೊತ್ತಂಬರಿಯೂ ಆಗುತ್ತದೆ. ಕುದುರೆಮೆಂತೆಯಿಂದ (ಲೂಸರ್ನ್ ಸೊಪ್ಪು) ತೂಕ ಬರುತ್ತದೆ, ಆದರೆ ಅದರಲ್ಲಿ ಸುಣ್ಣದಂಶ ಜಾಸ್ತಿ, ಮೂತ್ರದಲ್ಲಿ ಬಿಳಿ ಗಸಿ ಕಟ್ಟಬಹುದು. ವೈದ್ಯರನ್ನು ಕೇಳಿಕೊಂಡೇ ಕೊಡಿ.

ಮನೆಯ ಔಷಧಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಬಾಯಿಯಿಂದ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಕ್ಕೇ ಬರಬಹುದು. ನಾಯಿಯ ಮೈಯ ಉಣ್ಣೆಹುಳುವಿಗೆ ಹಾಕುವ ಫಿಪ್ರೊನಿಲ್ ಔಷಧಿ ಕೂಡ ಮೊಲಕ್ಕೆ ವಿಷ.

ಬೆಳ್ಳಿ ಕೊನೆಯವರೆಗೂ 1.4 ಕಿಲೋ ದಾಟಲಿಲ್ಲ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಆದರೂ ಹಲ್ಲಿನ ತೊಂದರೆ ಗೊತ್ತಾದ ಮೇಲೆ ಮೂರು ವರ್ಷ ಬದುಕಿದಳು, ಸಂಜೆಯಾದರೆ ಹಜಾರದಲ್ಲಿ ಜಿಗಿದಾಡುತ್ತಿದ್ದಳು. ನಿಮ್ಮ ಮೊಲದ ಒಂದು ವಾರದ ತೂಕ ಬರೆದಿಟ್ಟು ಇಲ್ಲಿ ಹಾಕಿ, ಒಣಹುಲ್ಲು ಬಾಯಿಗಿಟ್ಟು ಉಗುಳುತ್ತದೆಯೇ ಎಂಬುದನ್ನೂ ನೋಡಿ ಹೇಳಿ.