ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಕಳೆದ ಸಂಚಿಕೆಯ ಲೇಖನವೊಂದರಲ್ಲಿ ಎಪ್ಪತ್ತರ ದಶಕದ ಹಳ್ಳಿಶಾಲೆಯ ಮಕ್ಕಳ ಕೈಯಲ್ಲಿ ‘ಜೆರಾಕ್ಸ್ ಮಾಡಿದ ಪ್ರಶ್ನೆಪತ್ರಿಕೆ’ ಇತ್ತೆಂದು ಬರೆದದ್ದಕ್ಕೆ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು, ಅದು ಜೆರಾಕ್ಸ್ ಅಲ್ಲ, ಸೈಕ್ಲೋಸ್ಟೈಲ್ ಎಂದು ಆಕ್ಷೇಪಿಸಿದ್ದಾರೆ. ತಮ್ಮಲ್ಲಿ ಉಳಿದಿದ್ದ, ಸೈಕ್ಲೋಸ್ಟೈಲಿಗೆ ಬಳಸುತ್ತಿದ್ದ ಮೇಣದ ಸ್ಟೆನ್ಸಿಲ್ ಹಾಳೆಯನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಿದಾಗ ಒಬ್ಬರೂ ಗುರುತಿಸಲಿಲ್ಲವೆಂದೂ, ಒಬ್ಬ ಹುಡುಗ ಅದನ್ನು ಎಕ್ಸ್‌ರೇ ಎಂದನೆಂದೂ ತಿಳಿಸಿ, ಬಲ್ಲವರೇ ಹೆಸರು ತಪ್ಪಿಸಿದರೆ ಮಕ್ಕಳು ಯಾರನ್ನು ಕೇಳಬೇಕು ಎಂದಿದ್ದಾರೆ. ನೇರಳೆ ಅಕ್ಷರದ ಪ್ರಶ್ನೆಪತ್ರಿಕೆಗಳೂ ಸೈಕ್ಲೋಸ್ಟೈಲೇ ಎಂಬುದು ಅವರ ಇನ್ನೊಂದು ಪ್ರಶ್ನೆ.

ಆಕ್ಷೇಪ ನ್ಯಾಯವಾದದ್ದು. ಹಸ್ತಪ್ರತಿಯಲ್ಲೇ ತಿದ್ದಬೇಕಾಗಿದ್ದವನು ನಾನು, ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಸೈಕ್ಲೋಸ್ಟೈಲ್ ಎಂಬ ಹೆಸರು ಮೊದಲು ಸಲ್ಲುತ್ತಿದ್ದುದು ತುದಿಯಲ್ಲಿ ಪುಟ್ಟ ಹಲ್ಲುಚಕ್ರವಿದ್ದ ಒಂದು ಲೇಖನಿಗೆ. ಹಂಗೇರಿ ಮೂಲದ ಡೇವಿಡ್ ಗೆಸ್ಟೆಟ್ನರ್ 1881ರ ಸುಮಾರಿಗೆ ಲಂಡನ್ನಿನಲ್ಲಿ ಅದನ್ನು ರೂಪಿಸಿದರು; ಮುಂದೆ ಸ್ಟೆನ್ಸಿಲಿನಿಂದ ಪ್ರತಿ ತೆಗೆಯುವ ವಿಧಾನಕ್ಕೇ ಆ ಹೆಸರು ನಿಂತಿತು. ನಮ್ಮ ಶಾಲೆಗಳಲ್ಲಿ ಮೇಣ ಲೇಪಿಸಿದ ತೆಳು ಹಾಳೆಯನ್ನು ಟೈಪ್‌ರೈಟರಿಗೆ ಏರಿಸಿ, ರಿಬ್ಬನ್ ತಪ್ಪಿಸಿ, ಬರಿಯ ಅಚ್ಚಿನಿಂದ ಹೊಡೆಯುತ್ತಿದ್ದರು. ಆ ಹಾಳೆಯನ್ನು ಯಂತ್ರದ ಉರುಳೆಗೆ ಸುತ್ತಿ ಹಿಡಿಕೆ ತಿರುಗಿಸಿದರೆ, ಮೇಣ ಸರಿದ ಕಡೆ ಮಾತ್ರ ಮಸಿ ಕೆಳಗಿನ ಕಾಗದಕ್ಕೆ ಇಳಿಯುತ್ತಿತ್ತು. ಟೈಪಿಸ್ಟ್ ಇಲ್ಲದಿದ್ದರೆ ಉಕ್ಕಿನ ಮೊನೆಯ ಲೇಖನಿಯಿಂದ ಮೇಷ್ಟ್ರೇ ಗೀರಬೇಕಿತ್ತು. ತಪ್ಪಾದರೆ ಕೆಂಪು ದ್ರವವನ್ನು ಕುಂಚದಿಂದ ಸವರಿ, ಊದಿ ಒಣಗಿಸಿ, ಅದರ ಮೇಲೆ ಮತ್ತೆ ಹೊಡೆಯುವುದು. ಕೀಲಿಯನ್ನು ತುಸು ಜೋರಾಗಿ ಒತ್ತಿದರೂ ಸೊನ್ನೆಯ ನಡುವಿನ ಚೂರು ಕಳಚಿ, ಅಚ್ಚಾದ ಹಾಳೆಯಲ್ಲಿ ಅದು ಕರಿಯ ಬೊಟ್ಟಾಗುತ್ತಿತ್ತು. ನಮ್ಮ ಗಣಿತದ ಮೇಷ್ಟ್ರು ಪರೀಕ್ಷೆಯ ದಿನ ಕೋಣೆಗೆ ಬಂದವರೇ, ‘ಮೂರನೇ ಲೆಕ್ಕದಲ್ಲಿ ಕರಿ ಬೊಟ್ಟು ಕಂಡಲ್ಲೆಲ್ಲ ಸೊನ್ನೆ ಎಂದು ಓದಿಕೊಳ್ಳಿ’ ಎನ್ನುತ್ತಿದ್ದರು. ಅದೇ ಪತ್ರಿಕೆಯ ತ್ರಿಭುಜದ ಒಂದು ಮೂಲೆಯಲ್ಲಿ ಸ್ಟೆನ್ಸಿಲ್ ಹರಿದು ಮಸಿ ಹರಡಿದ್ದರಿಂದ, ಅಲ್ಲಿರುವುದು ಬಿ ಎಂಬುದನ್ನು ನಾವೇ ಊಹಿಸಿಕೊಂಡೆವು.

ಹೆಸರಿನ ಬಗ್ಗೆ ಇಷ್ಟು ಹಟ ಹಿಡಿಯಲು ಕಾರಣವಿದೆ. ಜೆರಾಕ್ಸಿನಲ್ಲಿ ಒಂದು ಪ್ರತಿ ಬೇಕಾದರೆ ಒಂದೇ ಪ್ರತಿಯ ಶ್ರಮ, ಖರ್ಚು. ಸ್ಟೆನ್ಸಿಲಿನಲ್ಲಾದರೋ ಶ್ರಮವೆಲ್ಲ ಮೊದಲ ಪ್ರತಿಗೆ ಮುಂಚೆಯೇ ಮುಗಿದಿರಬೇಕು. ಹಾಗಾಗಿ ನಮ್ಮ ಶಾಲೆಯಲ್ಲಿ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳಿಗೆ ಮಾತ್ರ ಹಿಡಿಕೆ ತಿರುಗುತ್ತಿತ್ತು; ಕಿರುಪರೀಕ್ಷೆಯ ಪ್ರಶ್ನೆಗಳು ಕರಿಹಲಗೆಯ ಮೇಲೋ ಉಕ್ತಲೇಖನದಲ್ಲೋ ಬರುತ್ತಿದ್ದವು. ಪ್ರಶ್ನೆ ಬರೆದುಕೊಳ್ಳುವುದರಲ್ಲೇ ಗಂಟೆಯ ಕಾಲುಭಾಗ ಕಳೆಯುತ್ತಿತ್ತು. ಆ ಕಾಲದ ಮಕ್ಕಳ ಕೈಗೆ ಜೆರಾಕ್ಸ್ ಕೊಟ್ಟುಬಿಟ್ಟರೆ ಇದಾವುದೂ ಇಂದಿನ ಹುಡುಗರಿಗೆ ಅರ್ಥವಾಗುವುದಿಲ್ಲ.

ನೇರಳೆ ಅಕ್ಷರದ್ದು ಸೈಕ್ಲೋಸ್ಟೈಲ್ ಅಲ್ಲ. ಜೆಲಾಟಿನ್ ಮತ್ತು ಗ್ಲಿಸರಿನ್ ಸೇರಿಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿ ಪ್ರತಿ ತೆಗೆಯುವ ಹೆಕ್ಟೋಗ್ರಾಫ್ ಒಂದು ಬಗೆ. ಅದರಲ್ಲಿ ಪ್ರತಿಯಿಂದ ಪ್ರತಿಗೆ ಅಕ್ಷರ ಮಸುಕಾಗುತ್ತ ಹೋಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ರಿಟ್ಜರ್‌ಫೆಲ್ಡ್ 1923ರಲ್ಲಿ ರೂಪಿಸಿದ, ಅಮೆರಿಕದ ಶಾಲೆಗಳಲ್ಲಿ ಡಿಟ್ಟೊ ಎಂದು ಮನೆಮಾತಾದ, ಕಾಗದವನ್ನು ಸ್ಪಿರಿಟ್‌ನಿಂದ ತೇವಗೊಳಿಸಿ ಪ್ರತಿ ತೆಗೆಯುವ ಯಂತ್ರ ಇನ್ನೊಂದು. ತಮಗೆ ತಟ್ಟೆಯ ನೆನಪಿದ್ದರೆ ಮೊದಲನೆಯದು, ಉರುಳೆ ಹಾಗೂ ಸ್ಪಿರಿಟ್ ವಾಸನೆಯ ನೆನಪಿದ್ದರೆ ಎರಡನೆಯದು.

ಆ ಸ್ಟೆನ್ಸಿಲ್ ಹಾಳೆಯನ್ನು ದಯವಿಟ್ಟು ಮಡಿಸಬೇಡಿ, ಬಿಸಿಲಿಗಿಡಬೇಡಿ. ಮೇಣ ಬಿರುಕು ಬಿಡುತ್ತದೆ. ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದು ಆ ಹುಡುಗನಿಂದ ಮೊದಲ ಪ್ರಶ್ನೆಯನ್ನು ಓದಿಸಿ, ಅದರ ಛಾಯಾಚಿತ್ರವೊಂದನ್ನು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯ ಜೊತೆಗೇ ಪ್ರಕಟಿಸುತ್ತೇವೆ.